ಫ್ಯಾಕ್ಟರೀಲಿ ಫಿಸಿಕ್ಸ್ ಗ್ರೂಪ್ ಶುರು ಮಾಡ್ಬೇಕು ಅಂತಿದೀನಿ, ನಡ್ಸಿರೋರು ಇದ್ರೆ ಸ್ವಲ್ಪ ಹೇಳಿ

ನರಸಾಪುರ_ಮೆಂಟೆನೆನ್ಸ್:

ಎಲ್ರಿಗೂ ನಮಸ್ಕಾರ. ಕೋಲಾರ ಪಕ್ಕ ನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಫ್ಯಾಕ್ಟರೀಲಿ ಮೆಂಟೆನೆನ್ಸ್ ಕೆಲ್ಸ ಮಾಡ್ತೀನಿ, ಓದಿದ್ದು ಎಲೆಕ್ಟ್ರಿಕಲ್ ಡಿಪ್ಲೊಮಾ, ಇಲ್ಲಿಗೆ ಸೇರಿ ಒಂಬತ್ತು ವರ್ಷ ಆಯ್ತು.

ಹೋದ ತಿಂಗಳು ನೈಟ್ ಶಿಫ್ಟಲ್ಲಿ ಊಟದ ಬ್ರೇಕಿಗೆ ನಮ್ಮ ಶಿಫ್ಟ್ ಗ್ರೂಪಿಗೆ ಆ ಹಳೇ ಮೆಸೇಜ್ ಬಂತು, ನೀವೂ ನೋಡಿರ್ತೀರ, ಇವತ್ತು ರಾತ್ರಿ ಹನ್ನೆರಡೂವರೆಯಿಂದ ಮೂರೂವರೆ ತನಕ ಕಾಸ್ಮಿಕ್ ಕಿರಣಗಳು ಭೂಮಿ ಹತ್ರ ಹಾದು ಹೋಗ್ತವೆ, ಮೊಬೈಲ್ ಆಫ್ ಮಾಡಿ ದೂರ ಇಡಿ, ಎಲ್ರಿಗೂ ಕಳ್ಸಿ ಅಂತ. ನನ್ನ ಎದುರಿಗೆ ಕೂತಿದ್ದ ಹುಡುಗ ಊಟ ಮಾಡ್ತಾ ಮಾಡ್ತಾನೇ ಎಡಗೈಲಿ ಫೋನ್ ಆಫ್ ಮಾಡಿ ಜೇಬಿಗೆ ಹಾಕ್ಕೊಂಡ, ಆಮೇಲೆ ಏನನ್ಸಿತೋ ಜೇಬಿಂದ ತೆಗೆದು ಟೇಬಲ್ ಆ ತುದಿಗೆ ತಳ್ಳಿದ. ಅವನ ಹೆಂಡ್ತಿಗೆ ಎಂಟು ತಿಂಗಳು, ಮುಳಬಾಗಿಲಲ್ಲಿ ತವರುಮನೇಲಿದಾಳೆ. ರಾತ್ರಿ ಏನಾದ್ರೂ ಆಗಿ ಫೋನ್ ಬಂದ್ರೆ ಏನೋ ಮಾಡ್ತೀಯ ಅಂದೆ. ಮೂರೂವರೆಗೆ ಆನ್ ಮಾಡ್ತೀನಿ ಬಿಡಣ್ಣ ಅಂದ. ನನಗೆ ಅನ್ನ ಗಂಟಲಲ್ಲಿ ಇಳೀಲಿಲ್ಲ.

ಅಲ್ಲೇ ಕೂತು ಗ್ರೂಪಿಗೆ ಬರ್ದೆ. ಕಾಸ್ಮಿಕ್ ಕಿರಣ ಇವತ್ತು ರಾತ್ರಿ ಮಾತ್ರ ಬರೋದಲ್ಲ, ದಿನಾ ಬರ್ತಾನೇ ಇರ್ತವೆ, ಮೇಲೆ ಗಾಳಿಗೆ ಬಡಿದು ಮ್ಯೂಆನ್ ಅನ್ನೋ ಕಣ ಹುಟ್ಟುತ್ತೆ, ನೀವು ಅಂಗೈ ಚಾಚಿ ಹಿಡಿದ್ರೆ ಹೆಚ್ಚುಕಮ್ಮಿ ಸೆಕೆಂಡಿಗೊಂದು ಅದ್ರೊಳಗಿಂದ ಹಾದು ಹೋಗ್ತಾ ಇರುತ್ತೆ, ನಾವು ಹುಟ್ಟಿದಾಗಿಂದ ಹಾದು ಹೋಗ್ತಾನೇ ಇದೆ. ನಮ್ಮ ತಾತ ಕೆಜಿಎಫ್ ಚಾಂಪಿಯನ್ ರೀಫ್ ಗಣೀಲಿ ಕೆಲ್ಸ ಮಾಡ್ತಿದ್ರು, ಅಲ್ಲಿ ಎರಡು ಕಿಲೋಮೀಟರ್‌ಗಿಂತ ಆಳದಲ್ಲಿ ವಿಜ್ಞಾನಿಗಳು ಮಿಷನ್ ಇಟ್ಟುಕೊಂಡು ಕೂತಿದ್ದಿದ್ದೇ ಈ ಕಿರಣಗಳ ಕಾಟ ತಪ್ಪಿಸ್ಕೊಂಡು ನ್ಯೂಟ್ರಿನೊ ಅನ್ನೋ, ಬಂಡೇನೂ ಸಲೀಸಾಗಿ ದಾಟೋ ಕಣ ಹಿಡಿಯೋಕೆ, ಜಗತ್ತಲ್ಲೇ ಮೊದಲು ನ್ಯೂಟ್ರಿನೊ ಸಿಕ್ಕಿದ್ದು ನಮ್ಮ ಕೋಲಾರ ಜಿಲ್ಲೇಲಿ ಅಂತೆಲ್ಲ ಬರ್ದೆ.

ಆ ಹುಡುಗ ಫೋನ್ ಆನ್ ಮಾಡ್ದ. ಅಷ್ಟಕ್ಕೇ ನಿಲ್ಲುತ್ತೆ ಅನ್ಕೊಂಡ್ರೆ ಬೆಳಗ್ಗೆ ಆರು ಗಂಟೆ ಬಸ್ಸಲ್ಲೂ ಅದೇ ಮಾತು. ಸೆಕೆಂಡಿಗೊಂದು ಹಾದು ಹೋದ್ರೆ ಮೈಗೆ ಏನೂ ಆಗಲ್ವ, ಗಣಿ ಒಳಗೆ ಹೋದ್ರೆ ಯಾಕೆ ಬರಲ್ಲ, ಬಂಡೆ ದಾಟಕ್ಕೆ ಆಗದೇ ಇರೋದು ನಮ್ಮ ತಗಡಿನ ಛಾವಣಿ ಹೇಗೆ ದಾಟುತ್ತೆ. ನಿದ್ದೆ ಕೆಟ್ಟು ಬಂದಿರೋರು, ಕೋಲಾರ ಬಸ್ ಸ್ಟ್ಯಾಂಡ್ ತನಕ ಒಬ್ರೂ ಮಲಗ್ಲಿಲ್ಲ. ಒಂಬತ್ತು ವರ್ಷದಲ್ಲಿ ಆ ಬಸ್ಸಲ್ಲಿ ಅಂಥದ್ದು ನಾನು ನೋಡಿರ್ಲಿಲ್ಲ.

ಅದಕ್ಕೇ ಕೆಲ್ಸದ ಗ್ರೂಪ್ ಬಿಟ್ಟು ಬೇರೆ ಒಂದು ಗ್ರೂಪ್ ಬರೀ ಫಿಸಿಕ್ಸಿಗೆ ಅಂತಾನೇ ಮಾಡ್ಬೇಕು ಅಂತ. ವಾಟ್ಸಾಪ್ ಸಾಕಾ ಟೆಲಿಗ್ರಾಮ್ ಬೇಕಾ ಗೊತ್ತಿಲ್ಲ. ನಮ್ಮಲ್ಲಿ ಐಟಿಐ ಮುಗಿಸಿದ ಹುಡುಗ್ರು ಇದಾರೆ, ಪಿಯುಸಿ ಮಾಡಿ ಲೈನಿಗೆ ಬಂದ ಹೆಣ್ಮಕ್ಕಳು ಇದಾರೆ, ಬಿಇ ಮಾಡಿದ ಇಂಜಿನಿಯರ್ಸ್ ಇದಾರೆ, ಎಲ್ರಿಗೂ ಒಂದೇ ಗ್ರೂಪಲ್ಲಿ ಹೇಗೆ. ಭಾಷೆ ಬೇರೆ, ಅರ್ಧ ಜನ ಮನೇಲಿ ತೆಲುಗು, ಕೆಜಿಎಫ್ ಕಡೆಯೋರು ತಮಿಳು, ಓದೋಕೆ ಬರೆಯೋಕೆ ಕನ್ನಡ. ಫೋನ್ ಲಾಕರಲ್ಲಿ ಇರುತ್ತೆ, ಬ್ರೇಕಲ್ಲಿ ಮಾತ್ರ ಕೈಗೆ ಸಿಗೋದು. ಮತ್ತೆ ನಾನೇ ತಪ್ಪು ಹೇಳಿದ್ರೆ? ನಾನು ಫಿಸಿಕ್ಸ್ ಓದಿರೋದು ಡಿಪ್ಲೊಮಾ ಫಸ್ಟ್ ಇಯರ್ ತನಕ ಅಷ್ಟೆ.

ಯಾರಾದ್ರೂ ಕೆಲ್ಸದ ಜಾಗದಲ್ಲಿ ಇಂಥದ್ದು ನಡ್ಸಿದ್ರೆ ಏನು ಮಾಡ್ಬೇಕು ಏನು ಮಾಡ್ಬಾರ್ದು ಬಿಡಿಸಿ ಹೇಳಿ.


ತುಮಕೂರು_ಟೂಲ್‌ರೂಮ್:

ಬ್ರದರ್ ನಾನು ವಸಂತನರಸಾಪುರದಲ್ಲಿ ಇದೀನಿ, ನಮ್ಮಲ್ಲಿ ಇದನ್ನ ಎರಡು ಸಲ ಮಾಡಿದೀವಿ, ಮೊದಲನೇದು ಒಂದೇ ತಿಂಗಳಲ್ಲಿ ಸತ್ತೋಯ್ತು, ಎರಡನೇದು ಈಗಲೂ ನಡೀತಿದೆ. ಎರಡಕ್ಕೂ ಇದ್ದ ವ್ಯತ್ಯಾಸ ಹೇಳ್ತೀನಿ.

ಮೊದಲನೇದ್ರಲ್ಲಿ ನಾವು ಬ್ಲಾಕ್ ಹೋಲ್, ಟೈಮ್ ಟ್ರಾವೆಲ್, ಸಮಾನಾಂತರ ವಿಶ್ವ ಅಂತ ವಿಡಿಯೋ ಹಾಕ್ತಿದ್ವಿ. ಎಲ್ರೂ ಹೆಬ್ಬೆಟ್ಟು ಒತ್ತೋರು, ಮಾತಾಡ್ತಿದ್ದೋರು ಮೂರೇ ಜನ, ಅದೂ ನಾವೇ ಮೂರು ಜನ ಇಂಜಿನಿಯರ್ಸ್. ಬ್ಲಾಕ್ ಹೋಲ್ ಬಗ್ಗೆ ಲೇತ್ ಆಪರೇಟರ್ ಏನು ಹೇಳಕ್ಕಾಗುತ್ತೆ? ಒಪ್ಕೋಬೇಕು ಇಲ್ಲ ಸುಮ್ನಿರ್ಬೇಕು. ಕೈಗೆ ಸಿಗದೇ ಇರೋದ್ರ ಬಗ್ಗೆ ಯಾರೂ ಜಗಳ ಆಡಲ್ಲ, ಜಗಳ ಇಲ್ದೇ ಫಿಸಿಕ್ಸ್ ಗ್ರೂಪ್ ನಡೆಯಲ್ಲ, ನನ್ನ ಅನುಭವ ಇದು.

ಎರಡನೇದು ಹುಟ್ಟಿದ್ದು ಕಂಪ್ರೆಸರ್ ರೂಮಲ್ಲಿ. ಮಳೆಗಾಲದಲ್ಲಿ ನಮ್ಮ ನ್ಯೂಮ್ಯಾಟಿಕ್ ಸಿಲಿಂಡರ್‌ಗಳು, ಅಂದ್ರೆ ಒತ್ತಿದ ಗಾಳೀಲಿ ಓಡೋವು, ಬೆಳಗ್ಗೆ ಶಿಫ್ಟಲ್ಲಿ ಹಿಡ್ಕೊಳ್ಳೋವು, ಮಧ್ಯಾಹ್ನದ ಹೊತ್ತಿಗೆ ಸರಿ ಹೋಗೋವು. ಹೊಸ ಅಪ್ರೆಂಟಿಸ್ ಹುಡುಗ ರಿಸೀವರ್ ಟ್ಯಾಂಕ್ ಕೆಳಗೆ ಬಕೆಟ್ ಇಟ್ಟು ಡ್ರೈನ್ ಕಾಕ್ ತಿರುಗಿಸ್ದ, ಬುಸ್ ಅಂತ ಕಂದು ಬಣ್ಣದ ನೀರು, ಎಣ್ಣೆ ವಾಸನೆ, ಕಾಲು ಬಕೆಟ್ ತುಂಬ್ತು. ಸಾರ್ ನಾವು ತುಂಬೋದು ಗಾಳಿ, ಇಷ್ಟು ನೀರು ಎಲ್ಲಿಂದ ಬಂತು ಅಂತ ಕೇಳ್ದ. ಫೋರ್‌ಮನ್ನು ಕೂಲಿಂಗ್ ವಾಟರ್ ಲೀಕ್ ಅಂದ್ರು. ನಮ್ಮದು ಏರ್ ಕೂಲ್ಡ್ ಕಂಪ್ರೆಸರ್, ಅದ್ರಲ್ಲಿ ನೀರೇ ಇಲ್ಲ. ಆ ಪ್ರಶ್ನೇನ ಹಾಗೇ ಎತ್ತಿ ಗ್ರೂಪಿಗೆ ಹಾಕಿದ್ವಿ, ಉತ್ತರ ಹೇಳ್ಲಿಲ್ಲ. ನಾಲ್ಕು ದಿನ ಹೊಡೆದಾಟ. ಇಪ್ಪತ್ತು ವರ್ಷ ಸರ್ವಿಸ್ ಆಗಿರೋ ಫಿಟ್ಟರ್ ಒಬ್ರು, ಯಾವತ್ತೂ ಗ್ರೂಪಲ್ಲಿ ಬಾಯಿ ಬಿಡದೇ ಇದ್ದೋರು, ವಾಯ್ಸ್ ಮೆಸೇಜ್ ಕಳ್ಸಿದ್ರು, ಒದ್ದೆ ಬಟ್ಟೆ ಹಿಂಡಿದ ಹಾಗೆ ಗಾಳಿ ಹಿಂಡ್ತಾ ಇದೀವಿ ಕಣ್ರಪ್ಪ ಅಂತ.

ಲೆಕ್ಕಾನೂ ಗ್ರೂಪಲ್ಲೇ ಹಾಕಿದ್ವಿ. 30 ಡಿಗ್ರೀಲಿ ಒಂದು ಘನ ಮೀಟರ್ ಗಾಳಿ ಹೆಚ್ಚಂದ್ರೆ ಸುಮಾರು 30 ಗ್ರಾಂ ನೀರಾವಿ ಇಟ್ಕೊಳ್ಳುತ್ತೆ. ಹೊರಗಡೆ ತೇವ 60 ಪರ್ಸೆಂಟ್ ಇದ್ರೆ ಅದ್ರಲ್ಲಿ ಇರೋದು 18 ಗ್ರಾಂ. ಗೇಜಲ್ಲಿ 7 ಬಾರ್ ಅಂದ್ರೆ, ಹೊರಗಿನ ಗಾಳಿಯ ಒಂದು ಬಾರ್ ಸೇರಿ, ಎಂಟು ಘನ ಮೀಟರ್ ಗಾಳೀನ ಒಂದಕ್ಕೆ ಒತ್ತಿದೀವಿ ಅಂತ ಅರ್ಥ, ಎಂಟು ಹದಿನೆಂಟ್ಲಿ 144 ಗ್ರಾಂ. ಆದ್ರೆ ಆ ಒಂದು ಘನ ಮೀಟರ್ ಜಾಗದಲ್ಲಿ ಹಿಡಿಸೋದು ಅದೇ 30 ಗ್ರಾಂ, ಪ್ರಷರ್ ಎಷ್ಟಾದ್ರೂ ಆಗ್ಲಿ ಹಿಡಿಸೋದು ಟೆಂಪರೇಚರ್ ಮೇಲೆ ಹೋಗುತ್ತೆ. ಮಿಕ್ಕ 114 ಗ್ರಾಂ ನೀರಾಗಿ ಇಳೀಲೇಬೇಕು. ಕಂಪ್ರೆಸರಿಂದ ಹೊರಗೆ ಬರುವಾಗ ಗಾಳಿ ಬಿಸಿ ಇರೋದ್ರಿಂದ ಅಲ್ಲಿ ಇಳಿಯಲ್ಲ, ಟ್ಯಾಂಕಲ್ಲಿ ಪೈಪಲ್ಲಿ ತಣ್ಣಗಾದ ಮೇಲೆ ಇಳಿಯುತ್ತೆ, ರಾತ್ರಿ ಛಾವಣಿ ಕೆಳಗಿನ ಪೈಪ್ ತಣ್ಣಗಾಗಿ ಬೆಳಗ್ಗೆ ಸಿಲಿಂಡರಲ್ಲಿ ನೀರು. ಬೆಳಗ್ಗೆ ಮಾತ್ರ ಯಾಕೆ ಹಿಡ್ಕೊಳ್ತಿತ್ತು ಅಂತ ಆಗ ಗೊತ್ತಾಯ್ತು. ಈಗ ನೈಟ್ ಶಿಫ್ಟ್ ಮುಗಿಯೋಕೆ ಮುಂಚೆ ಡ್ರೈನ್ ಮಾಡೋದು ನಮ್ಮಲ್ಲಿ ರೂಢಿ ಆಗಿದೆ, ಯಾರೂ ಸರ್ಕ್ಯುಲರ್ ಕಳ್ಸಲಿಲ್ಲ.

ನಮ್ಮ ಪದ್ಧತಿ ಇಷ್ಟೆ. ವಾರಕ್ಕೆ ಒಂದೇ ಪ್ರಶ್ನೆ, ಸೋಮವಾರ. ಉತ್ತರ ಭಾನುವಾರ ಸಂಜೆ. ನಡುವೆ ಗೊತ್ತಿರೋರು ಪೂರ್ತಿ ಉತ್ತರ ಹೇಳ್ಬಾರ್ದು, ಸುಳಿವು ಕೊಡಬಹುದು. ಗೂಗಲ್ ಮಾಡಿ ಅಂಟಿಸೋ ಹಾಗಿಲ್ಲ, ನಿಮ್ಮ ಮಾತಲ್ಲಿ ಹೇಳಿ, ತೆಲುಗಲ್ಲಾದ್ರೂ ಸರಿ ತಮಿಳಲ್ಲಾದ್ರೂ ಸರಿ, ವಾಯ್ಸ್ ಆದ್ರೂ ಸರಿ. ಫಾರ್ವರ್ಡ್ ಬಂದ್ರೆ ಡಿಲೀಟ್ ಮಾಡಿ, ಆದ್ರೆ ವಿಜ್ಞಾನದ ಹೆಸರಲ್ಲಿ ಬರೋ ಸುಳ್ಳು ಫಾರ್ವರ್ಡ್ ಇದ್ಯಲ್ಲ, ನಿಮ್ಮ ಕಾಸ್ಮಿಕ್ ಥರದ್ದು, ಅದನ್ನ ಡಿಲೀಟ್ ಮಾಡ್ಬೇಡಿ, ಅದನ್ನೇ ಆ ವಾರದ ಪ್ರಶ್ನೆ ಮಾಡಿ.


ವೇಮಗಲ್_ಲೈನ್_ಮೂರು:

ಅಣ್ಣ ನಾನು ಬೋರ್ಡ್ ಅಸೆಂಬ್ಲಿ ಲೈನಲ್ಲಿ ಕೆಲ್ಸ ಮಾಡ್ತೀನಿ, ಪಿಯುಸಿ ಸೈನ್ಸ್ ಮಾಡಿದೀನಿ, ಆಮೇಲೆ ಓದಕ್ಕಾಗ್ಲಿಲ್ಲ. ನಿಮ್ಮ ಪೋಸ್ಟ್ ಓದಿ ತುಂಬಾ ಖುಷಿ ಆಯ್ತು, ಅದಕ್ಕೇ ಒಂದೆರಡು ಮಾತು ಹೇಳ್ತೀನಿ, ಗಂಡಸ್ರು ಇದನ್ನ ಯೋಚ್ನೆ ಮಾಡಿರಲ್ಲ.

ವಾಟ್ಸಾಪ್ ಗ್ರೂಪಲ್ಲಿ ನಂಬರ್ ಎಲ್ರಿಗೂ ಕಾಣುತ್ತೆ. ಹಿಂದೆ ಒಂದು ಕಡೆ ಕೆಲ್ಸದಲ್ಲಿದ್ದಾಗ ಹೀಗೇ ಒಂದು ಗ್ರೂಪಿಗೆ ಸೇರಿದ್ದೆ, ಒಂದು ಪ್ರಶ್ನೆ ಕೇಳಿದ್ದಕ್ಕೆ ರಾತ್ರಿ ಹನ್ನೊಂದಕ್ಕೆ ಗುರುತೇ ಇಲ್ದಿರೋ ನಂಬರಿಂದ ಹಾಯ್ ಊಟ ಆಯ್ತಾ ಅಂತ ಮೆಸೇಜು, ಒಂದಲ್ಲ ಮೂರು ನಂಬರಿಂದ. ಅವತ್ತೇ ಬಿಟ್ಟೆ. ಹಾಸ್ಟೆಲಲ್ಲಿ ಇರೋ ನಮ್ಮ ಹುಡುಗೀರು ಯಾರೂ ಅಂಥ ಗ್ರೂಪಲ್ಲಿ ಬಾಯಿ ಬಿಡಲ್ಲ, ಅವ್ರಿಗೆ ಆಸಕ್ತಿ ಇಲ್ಲ ಅಂತ ಅಲ್ಲ. ಟೆಲಿಗ್ರಾಮಲ್ಲಿ ನಂಬರ್ ಮುಚ್ಚಿಡಬಹುದು, ಅದೂ ಅಲ್ದೆ ಅಲ್ಲಿ ಪೋಲ್ ಹಾಕಿದ್ರೆ ಯಾರು ಏನು ಒತ್ತಿದ್ರು ಅಂತ ಕಾಣದ ಹಾಗೆ ಇಡಬಹುದು, ವಾಟ್ಸಾಪ್ ಪೋಲಲ್ಲಿ ಹೆಸ್ರು ಕಾಣುತ್ತೆ. ತಪ್ಪು ಉತ್ತರ ಒತ್ತಿದ್ರೆ ನಾಳೆ ಲೈನಲ್ಲಿ ನಗ್ತಾರೆ ಅನ್ನೋ ಭಯ ಇರಲ್ಲ. ಲೇಟಾಗಿ ಸೇರಿದೋರಿಗೆ ಹಳೇ ಮೆಸೇಜೂ ಕಾಣೋ ಹಾಗೆ ಇಡಬಹುದು. ಮತ್ತೆ ಅಡ್ಮಿನಲ್ಲಿ ಒಬ್ಬ ಹೆಣ್ಮಗಳು ಇರ್ಲಿ, ರಾತ್ರಿ ಪರ್ಸನಲ್ ಮೆಸೇಜ್ ಕಳ್ಸಿದೋರನ್ನ ಕೇಳ್ದೇ ತೆಗೀತೀವಿ ಅಂತ ಮೊದಲ ದಿನಾನೇ ಬರ್ದು ಪಿನ್ ಮಾಡಿ.

ಇನ್ನೊಂದು, ಟೂಲ್‌ರೂಮ್ ಅಣ್ಣ ಹೇಳಿದ್ದು ನಿಜ, ಕೈಗೆ ಸಿಗೋದ್ರಿಂದಾನೇ ಶುರು ಆಗ್ಬೇಕು. ನಾವು ಲೈನಲ್ಲಿ ಕೂರೋಕೆ ಮುಂಚೆ ಮಣಿಕಟ್ಟಿಗೆ ಪಟ್ಟಿ ಕಟ್ಕೋತೀವಲ್ಲ ಇಎಸ್‌ಡಿ ಸ್ಟ್ರಾಪು (ಇಎಸ್‌ಡಿ ಅಂದ್ರೆ ಮೈ ಮೇಲೆ ಕೂತ ಸ್ಟ್ಯಾಟಿಕ್ ಚಾರ್ಜ್ ಚಟ್ ಅಂತ ಹಾರೋದು), ಅದ್ರ ವೈರ್ ನೆಲಕ್ಕೆ ಅಂದ್ರೆ ಅರ್ತಿಂಗಿಗೆ ಹೋಗುತ್ತೆ. ಎರಡು ವರ್ಷ ಕಟ್ಟಿದೀನಿ ಯಾಕೆ ಅಂತ ಗೊತ್ತಿರ್ಲಿಲ್ಲ, ಕೇಳಿದ್ರೆ ರೂಲ್ಸು ಕಟ್ಟಮ್ಮ ಅಷ್ಟೆ ಅನ್ನೋರು. ಚಳಿಗಾಲದಲ್ಲಿ ಗಾಳಿ ಒಣಗಿರುತ್ತಲ್ಲ, ಟ್ರಾಲಿ ಮುಟ್ಟಿದ್ರೆ ಬೆರಳ ತುದೀಲಿ ಚಟ್ ಅನ್ನುತ್ತೆ. ಒಂದಿನ ನನ್ನ ಸ್ಟ್ರಾಪ್ ಟೆಸ್ಟರಲ್ಲಿ ಕೆಂಪು ಲೈಟ್ ತೋರಿಸ್ತು, ಮೆಂಟೆನೆನ್ಸ್ ಅಣ್ಣ ಒಬ್ರು ಮಲ್ಟಿಮೀಟರ್ ತಂದು ಮೊದಲು ಚೆನ್ನಾಗಿರೋ ಒಂದು ಸ್ಟ್ರಾಪ್ ಇಟ್ಟು ತೋರಿಸಿದ್ರು, ಒಂದು ಮೆಗಾ ಓಮ್, ಅಂದ್ರೆ ಹತ್ತು ಲಕ್ಷ ಓಮ್, ಆ ಗುಂಡಿ ಒಳಗೆ ರೆಸಿಸ್ಟರ್ ಕೂತಿದೆ. ಆಮೇಲೆ ನಂದು ಇಟ್ರು, ವೈರ್ ಒಳಗೇ ಕಟ್ಟಾಗಿತ್ತು.

ನನಗೆ ತಲೆ ಕೆಡ್ತು. ಸ್ಟ್ಯಾಟಿಕ್ ಹರಿದು ಹೋಗ್ಲಿ ಅಂತ ಕಟ್ಟೋದಾದ್ರೆ ಅಷ್ಟು ದೊಡ್ಡ ತಡೆ ಯಾಕೆ ಇಟ್ರು, ನೇರ ತಂತಿ ಕಟ್ಟಬಹುದಿತ್ತಲ್ವ? ಆ ಅಣ್ಣ ಒಂದು ಹಾಳೆ ಮೇಲೆ ಬರ್ದು ತೋರಿಸಿದ್ರು, ಅಕಸ್ಮಾತ್ ಇನ್ನೊಂದು ಕೈ 230 ವೋಲ್ಟಿಗೆ ತಗುಲಿದ್ರೆ ನೇರ ತಂತಿ ಇದ್ರೆ ನಿನ್ನ ಮೈಯೇ ದಾರಿ ಆಗ್ಬಿಡುತ್ತೆ, ಒಂದು ಮೆಗಾ ಓಮ್ ಇದ್ರೆ 230 ಭಾಗ್ಸು ಹತ್ತು ಲಕ್ಷ, 0.23 ಮಿಲಿ ಆಂಪಿಯರ್, ಅದು ಕೈಗೆ ಗೊತ್ತೂ ಆಗಲ್ಲ. ಸ್ಟ್ಯಾಟಿಕ್ಕಿಗೆ ಮಾತ್ರ ಆ ತಡೆ ಲೆಕ್ಕಕ್ಕಿಲ್ಲ, ಮೈ ಮೇಲೆ ಇರೋ ಚಾರ್ಜ್ ಅಷ್ಟು ಕಮ್ಮಿ, ಕಣ್ಣು ಮಿಟುಕಿಸೋದ್ರೊಳಗೆ ಇಳಿದು ಹೋಗುತ್ತೆ. ಚಟ್ ಅಂತ ನಮಗೆ ಗೊತ್ತಾಗ್ಬೇಕಾದ್ರೆ ಮೂರು ಸಾವಿರ ವೋಲ್ಟ್ ಹತ್ರ ಇರ್ಬೇಕು, ಆದ್ರೆ ಬೋರ್ಡ್ ಮೇಲಿನ ಎಷ್ಟೋ ಚಿಪ್ಪು ನೂರು ವೋಲ್ಟಿಗೂ ಹೋಗ್ಬಿಡುತ್ತೆ, ನಮ್ಮ ಬೆರಳಿಗೆ ಏನೂ ಅನ್ಸಿರಲ್ಲ ಅದು ಒಳಗೆ ಸುಟ್ಟಿರುತ್ತೆ. ಅವತ್ತಿಂದ ನಾನು ಒಂದಿನಾನೂ ಸ್ಟ್ರಾಪ್ ತೆಗೆದಿಲ್ಲ, ಪಕ್ಕದಲ್ಲಿ ಕೂರೋರಿಗೂ ಹೇಳ್ಕೊಟ್ಟಿದೀನಿ. ಇಂಥ ಪ್ರಶ್ನೆ ನಮ್ಮ ಹತ್ರ ಬೇಕಾದಷ್ಟಿದೆ, ಕೇಳೋರು ಇಲ್ಲ ಅಷ್ಟೆ.


ಗೌರಿಬಿದನೂರು_ಮೇಷ್ಟ್ರು:

ಪಿಯು ಕಾಲೇಜಲ್ಲಿ ಭೌತಶಾಸ್ತ್ರ ಹೇಳ್ಕೊಡ್ತೀನಿ. ಮೇಲಿನ ತಂಗಿ ಬರೆದಿದ್ದನ್ನ ನಾಳೆ ಕ್ಲಾಸಲ್ಲಿ ಓದಿ ಹೇಳ್ತೀನಿ, ಓಮ್ ನಿಯಮಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನ್ನ ಹತ್ರ ಇಲ್ಲ.

ನರಸಾಪುರದವರಿಗೆ ಮೊದಲು ಒಂದು ತಿದ್ದುಪಡಿ, ಬೇಜಾರು ಮಾಡ್ಕೋಬೇಡಿ. ಜಗತ್ತಲ್ಲೇ ಮೊದಲು ನ್ಯೂಟ್ರಿನೊ ಸಿಕ್ಕಿದ್ದು ಕೆಜಿಎಫಲ್ಲಿ ಅಲ್ಲ. 1956ರಲ್ಲಿ ಅಮೆರಿಕದಲ್ಲಿ ರೈನಸ್ ಮತ್ತು ಕೊವಾನ್ ಅನ್ನೋರು ಅಣು ರಿಯಾಕ್ಟರ್ ಪಕ್ಕ ಅದನ್ನ ಹಿಡಿದಿದ್ರು. ಕೆಜಿಎಫಲ್ಲಿ 1965ರಲ್ಲಿ ಸಿಕ್ಕಿದ್ದು ವಾತಾವರಣದ ನ್ಯೂಟ್ರಿನೊ, ಅಂದ್ರೆ ಕಾಸ್ಮಿಕ್ ಕಿರಣ ಮೇಲೆ ಗಾಳಿಗೆ ಬಡಿದಾಗ ಹುಟ್ಟೋ ನ್ಯೂಟ್ರಿನೊ, ಅದು ಸಿಕ್ತು ಅಂತ ಮೊದಲು ವರದಿ ಪ್ರಕಟಿಸಿದ್ದು ಅಲ್ಲಿನೋರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣೀಲಿ ಅದೇ ರೈನಸ್ ತಂಡಾನೂ ಕಂಡಿತ್ತು, ಎರಡೂ ವರದಿಗಳ ನಡುವೆ ಸುಮಾರು ಎರಡು ವಾರದ ಅಂತರ. ಕೆಜಿಎಫಲ್ಲಿ ಕೆಲ್ಸ ಮಾಡಿದ್ದು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯದವರು ಸೇರ್ಕೊಂಡು. ಎಂ.ಜಿ.ಕೆ. ಮೆನನ್ ಇದ್ರು, ನಮ್ಮ ನಂಜನಗೂಡಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಇದ್ರು, ಶ್ರೀಕಂಠನ್ನೋರು 1950ರ ದಶಕದಲ್ಲೇ ಆ ಗಣಿ ಒಳಗೆ ಇಳಿದು ಆಳಕ್ಕೆ ಹೋದಷ್ಟೂ ಮ್ಯೂಆನ್ ಎಷ್ಟು ಕಮ್ಮಿ ಆಗ್ತಾ ಹೋಗುತ್ತೆ ಅಂತ ಅಳೆದಿದ್ರು. ಅದರಿಂದಾನೇ ಗೊತ್ತಾಗಿದ್ದು ಸಾಕಷ್ಟು ಆಳಕ್ಕೆ ಹೋದ್ರೆ ಗದ್ದಲ ಅಡಗುತ್ತೆ ಅಂತ. ಸುಮಾರು 2.3 ಕಿಲೋಮೀಟರ್ ಬಂಡೆ ಮೇಲಿದ್ರೆ ಮೇಲಿಂದ ಬರೋ ಮ್ಯೂಆನ್ ನಿಂತೇ ಹೋಗುತ್ತೆ ಅನ್ನೋಷ್ಟು ಕಮ್ಮಿ, ಆಮೇಲೂ ಅಡ್ಡಡ್ಡಲಾಗಿ ಒಂದು ಮ್ಯೂಆನ್ ಬಂತು ಅಂದ್ರೆ ಅದು ಪಕ್ಕದ ಬಂಡೇಲಿ ನ್ಯೂಟ್ರಿನೊ ಬಡಿದು ಹುಟ್ಟಿದ್ದು. ನಿಮ್ಮ ಹುಡುಗ ಬಸ್ಸಲ್ಲಿ ಕೇಳಿದ ಪ್ರಶ್ನೆಗೆ ಉತ್ತರಾನೂ ಇದೇ, ತಗಡು ಒಂದು ಮಿಲಿಮೀಟರು ಬಂಡೆ ಎರಡು ಕಿಲೋಮೀಟರು, ಮ್ಯೂಆನ್ ಹೋಗ್ತಾ ಹೋಗ್ತಾ ಶಕ್ತಿ ಕಳ್ಕೊಂಡು ನಿಲ್ಲುತ್ತೆ.

ಈಗ ನಿಮ್ಮ ದೊಡ್ಡ ಪ್ರಶ್ನೆ, ನಾನೇ ತಪ್ಪು ಹೇಳಿದ್ರೆ ಅಂತ. ಹೇಳ್ತೀರ, ಹೇಳಿದೀರ, ಎಲ್ರೂ ಹೇಳ್ತೀವಿ. ಮಾಡ್ಬೇಕಾಗಿರೋದು ಇಷ್ಟೆ, ಹಳೇ ಮೆಸೇಜ್ ಡಿಲೀಟ್ ಮಾಡ್ದೇ ಅದ್ರ ಕೆಳಗೇನೇ ನಾನು ಹೀಗೆ ಹೇಳಿದ್ದೆ, ಅದು ಸರಿ ಇಲ್ಲ, ಸರಿ ಇರೋದು ಹೀಗೆ ಅಂತ ಬರೀರಿ. ಅಡ್ಮಿನ್ನೇ ತಿದ್ಕೊಂಡ್ರೆ ಮಿಕ್ಕೋರಿಗೂ ಬಾಯಿ ಬಿಡೋ ಧೈರ್ಯ ಬರುತ್ತೆ. ನಮ್ಮ ತಾಲ್ಲೂಕಿನ ಹೊಸೂರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನೋರು, ಎಚ್ಚೆನ್ ಅವ್ರು, ಭೌತಶಾಸ್ತ್ರದ ಮೇಷ್ಟ್ರೇ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದ್ರಲ್ಲ, ಅಲ್ಲಿ ಉಪನ್ಯಾಸ ಆದ ಮೇಲೆ ಯಾರು ಬೇಕಾದ್ರೂ ಎದ್ದು ಪ್ರಶ್ನೆ ಕೇಳಬಹುದಿತ್ತು. ನಾನು ವಿದ್ಯಾರ್ಥಿ ಆಗಿದ್ದಾಗ ಬಸ್ ಹಿಡ್ಕೊಂಡು ಹೋಗ್ತಿದ್ದೆ. ಹಿಂದಿನ ಸಾಲಲ್ಲಿ ಕೂತು ಒಂದು ಪ್ರಶ್ನೆ ಕೇಳೋಕೆ ಆರು ವಾರ ತಗೊಂಡಿದ್ದೆ, ಕೈ ನಡುಗ್ತಿತ್ತು. ಕೇಳಿದ ಮೇಲೆ ಬೇರೆ ಮನುಷ್ಯ ಆದೆ.

ಭಾಷೆ ವಿಚಾರ. ಪಠ್ಯಪುಸ್ತಕದ ಪದ ತುರುಕಬೇಡಿ, ಪ್ರಷರ್ ಅಂತಾರೆ ಪ್ರಷರ್ ಅಂತಾನೇ ಇರ್ಲಿ. ಆದ್ರೆ ಎರಡು ಕಡೆ ಹುಷಾರಾಗಿರಿ. ನಾವು ಕರೆಂಟ್ ಅನ್ನೋ ಒಂದೇ ಪದಾನ ಎಲ್ಲದಕ್ಕೂ ಹಾಕ್ತೀವಿ, ಕರೆಂಟ್ ಹೋಯ್ತು, ಕರೆಂಟ್ ಹೊಡೀತು, ಕರೆಂಟ್ ಕಮ್ಮಿ ಇದೆ, ಕರೆಂಟ್ ಬಿಲ್ ಬಂತು. ಒಂದ್ರಲ್ಲಿ ವಿದ್ಯುತ್ತು, ಒಂದ್ರಲ್ಲಿ ಶಾಕು, ಒಂದ್ರಲ್ಲಿ ವೋಲ್ಟೇಜು, ಒಂದ್ರಲ್ಲಿ ಯೂನಿಟ್ಟು. ಹಾಗೇ ಬಿಸಿ ಅನ್ನೋ ಪದದಲ್ಲಿ ಹೀಟೂ ಟೆಂಪರೇಚರೂ ಎರಡೂ ಕಲಸಿ ಹೋಗ್ತವೆ. ಜಗಳ ಬಿಸಿ ಆದಾಗ ಒಂದು ಸಲ ನಿಲ್ಸಿ ನೀವು ಯಾವುದನ್ನ ಹೇಳ್ತಿದೀರ ಅಂತ ಕೇಳಿದ್ರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಮೊದಲ ವಾರಕ್ಕೆ ಒಂದು ಪ್ರಶ್ನೆ ಕೊಡ್ಲಾ. ಕ್ಯಾಂಟೀನಲ್ಲಿ ಸ್ಟೀಲ್ ಬೆಂಚು ಮರದ ಬೆಂಚು ಎರಡೂ ಇದ್ರೆ, ಬೆಳಗ್ಗೆ ಯಾವುದು ಹೆಚ್ಚು ತಣ್ಣಗಿರುತ್ತೆ? ಎಲ್ರೂ ಸ್ಟೀಲ್ ಅಂತಾರೆ. ರಾತ್ರಿಯೆಲ್ಲಾ ಒಂದೇ ರೂಮಲ್ಲಿದ್ರೆ ಎರಡೂ ಒಂದೇ ಟೆಂಪರೇಚರ್, ಸ್ಟೀಲ್ ನಮ್ಮ ಮೈ ಶಾಖಾನ ಬೇಗ ಎಳ್ಕೊಳ್ಳುತ್ತೆ ಅಷ್ಟೆ. ಆದ್ರೆ ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ, ಅಳೆದು ತೋರ್ಸಿ. ನಿಮ್ಮ ಹತ್ರ ಇನ್ಫ್ರಾರೆಡ್ ಗನ್ ಇರುತ್ತೆ, ಆದ್ರೆ ಅದನ್ನ ನೇರ ಹೊಳೆಯೋ ಸ್ಟೀಲ್ ಮೇಲೆ ಹಿಡೀಬೇಡಿ. ಹೊಳೆಯೋ ಲೋಹ ತಾನು ಸೂಸೋದು ಕಮ್ಮಿ, ಕನ್ನಡಿ ಥರ ಬೇರೇದನ್ನ ತೋರ್ಸುತ್ತೆ, ನೀವು ಹತ್ರ ಬಗ್ಗಿದ್ರೆ ನಿಮ್ಮ ಮೈ ಬಿಸಿ, ಮೇಲೆ ಬಯಲಿದ್ರೆ ಆಕಾಶದ ತಂಪು. ಎರಡೂ ಬೆಂಚಿಗೆ ಕಪ್ಪು ಇನ್ಸುಲೇಷನ್ ಟೇಪ್ ಒಂದೊಂದು ತುಂಡು ರಾತ್ರಿನೇ ಅಂಟಿಸಿ, ಬೆಳಗ್ಗೆ ಟೇಪ್ ಮೇಲೆ ಅಳೀರಿ. ಛಾವಣಿ ಒಳಗಿರೋ ಬೆಂಚೇ ಆಗಿರ್ಲಿ, ಯಾರೂ ಕೂತಿರ್ಬಾರ್ದು.


ಸೇಫ್ಟಿ_ಮಾಲೂರು:

ಒಂದೇ ಮಾತು. ಗ್ರೂಪ್ ಹೆಸ್ರಲ್ಲಿ ಕಂಪನಿ ಹೆಸ್ರು ಬೇಡ, ಮಿಷನ್, ಪ್ಯಾನಲ್, ಬೋರ್ಡ್, ಲೈನ್ ಯಾವುದರ ಫೋಟೋನೂ ಬೇಡ. ಹಿಂದೆ ನಾನು ಇದ್ದ ಕಡೆ ಒಬ್ಬ ಒಳ್ಳೆ ಉದ್ದೇಶಕ್ಕೇ ಸುಟ್ಟ ಕಾಂಟ್ಯಾಕ್ಟರ್ (ಮೋಟರ್ ಆನ್ ಆಫ್ ಮಾಡೋ ಸ್ವಿಚ್ಚು) ಫೋಟೋ ಹಾಕಿ ಯಾಕೆ ಹೀಗಾಯ್ತು ಅಂತ ಕೇಳ್ದ, ಹಿಂದೆ ಕಸ್ಟಮರ್ ಲೇಬಲ್ ಕಾಣ್ತಿತ್ತು, ಅವನಿಗೆ ವಾರ್ನಿಂಗ್ ಲೆಟರ್ ಬಂತು, ಗ್ರೂಪ್ ಅವತ್ತೇ ಮುಚ್ತು. ಫೋಟೋ ಬದ್ಲು ಹಾಳೆ ಮೇಲೆ ಪೆನ್ನಲ್ಲಿ ಚಿತ್ರ ಬರ್ದು ಹಾಕಿ, ಅದ್ರಿಂದ ಅರ್ಥಾನೂ ಚೆನ್ನಾಗಾಗುತ್ತೆ. ಎಚ್‌ಆರ್‌ಗೆ ಮುಂಚೆನೇ ಒಂದು ಸಾದಾ ಮೇಲ್ ಕಳ್ಸಿ, ಡ್ಯೂಟಿ ಟೈಮಲ್ಲಿ ನಡೆಯಲ್ಲ ಅಂತ ಬರೀರಿ. ಮತ್ತೆ 230 ವೋಲ್ಟ್ ಅಂತ ಮಾತು ಬಂದಾಗೆಲ್ಲ ಯಾರೂ ಪರೀಕ್ಷೆ ಮಾಡಕ್ಕೆ ಹೋಗ್ಬಾರ್ದು ಅಂತ ದಪ್ಪಕ್ಷರದಲ್ಲಿ ಹಾಕಿ.


ನರಸಾಪುರ_ಮೆಂಟೆನೆನ್ಸ್:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ ನೀವು ತಿದ್ದಿದ್ದನ್ನ ಹಾಗೇ ಶಿಫ್ಟ್ ಗ್ರೂಪಲ್ಲಿ ನನ್ನ ಹಳೇ ಮೆಸೇಜಿನ ಕೆಳಗೆ ಬರ್ದೆ, ವಾತಾವರಣದ ನ್ಯೂಟ್ರಿನೊ ವರದಿ ಮಾತ್ರ ಅಲ್ಲಿಂದ ಮೊದಲು, ನಾನು ಹೇಳಿದ್ದು ತಪ್ಪು ಅಂತ. ಒಬ್ರೂ ಆಡ್ಕೊಳ್ಳಲಿಲ್ಲ, ರೈನಸ್ ಇಲ್ಲಿಗೆ ಬಂದಿದ್ನಾ ಅಂತ ಕೇಳಿದ್ರು ಅಷ್ಟೆ.

ಟೆಲಿಗ್ರಾಮಲ್ಲೇ ಮಾಡಿದೀನಿ, ನಂಬರ್ ಹೇಗೆ ಮುಚ್ಚಿಡೋದು ಅಂತ ಮೊದಲ ಮೆಸೇಜಲ್ಲೇ ಪಿನ್ ಮಾಡಿದೀನಿ, ಕ್ವಾಲಿಟಿ ಡಿಪಾರ್ಟ್‌ಮೆಂಟಿನ ಅಕ್ಕ ಒಬ್ರು ಅಡ್ಮಿನ್ ಆಗಕ್ಕೆ ಒಪ್ಕೊಂಡಿದಾರೆ. ವೇಮಗಲ್ ತಂಗಿ, ನಿಮ್ಮ ಸ್ಟ್ರಾಪ್ ಪ್ರಶ್ನೆ ನಮ್ಮಲ್ಲಿ ಮೂರನೇ ವಾರಕ್ಕೆ ಇಟ್ಕೊಂಡಿದೀನಿ, ನಿಮ್ಮ ಅಪ್ಪಣೆ ಇದ್ರೆ.


ವೇಮಗಲ್_ಲೈನ್_ಮೂರು:

ಹಾಕಿ ಅಣ್ಣ. ಆದ್ರೆ ಉತ್ತರ ಮೊದಲೇ ಹೇಳ್ಬೇಡಿ, ನೇರ ತಂತಿ ಯಾಕೆ ಕಟ್ಟಲ್ಲ ಅನ್ನೋದ್ರಲ್ಲೇ ಇರೋದು ಎಲ್ಲ.


ನರಸಾಪುರ_ಮೆಂಟೆನೆನ್ಸ್:

ಎರಡು ವಾರ ಆಯ್ತು, ಏನಾಯ್ತು ಅಂತ ಹೇಳೋಣ ಅಂತ ಬಂದೆ. 57 ಜನ ಸೇರಿದಾರೆ. ಬೆಂಚಿನ ಪೋಲಲ್ಲಿ 41 ಜನ ಒತ್ತಿದ್ರು, 33 ಜನ ಸ್ಟೀಲ್ ಹೆಚ್ಚು ತಣ್ಣಗೆ ಅಂದ್ರು, ಒಂದೇ ಅಂದೋರು ಆರು ಜನ, ಮರ ಅಂದೋರು ಇಬ್ರು.

ಭಾನುವಾರ ಬೆಳಗ್ಗೆ ಆರಕ್ಕೆ ನೈಟ್ ಶಿಫ್ಟ್ ಬಿಡುವಾಗ ಟೇಪ್ ಅಂಟಿಸಿದ್ದ ಬೆಂಚ್ ಸುತ್ತ ಹದಿನೈದು ಇಪ್ಪತ್ತು ಜನ ನಿಂತಿದ್ರು. ಕ್ಯಾಂಟೀನಲ್ಲಿ ಪಾತ್ರೆ ತೊಳೆಯೋ ಅಮ್ಮನ ಕೈಗೇ ಗನ್ ಕೊಟ್ವಿ, ಯಾರ ಕಡೆಯೂ ಅಲ್ಲ ಅಂತ. ಸ್ಟೀಲ್ ಮೇಲಿನ ಟೇಪ್ 18.4, ಮರದ ಮೇಲಿನ ಟೇಪ್ 18.6. ಆಯಮ್ಮ ಗನ್ ಕೆಳಗಿಟ್ಟು ಎರಡೂ ಅಂಗೈನ ಎರಡು ಬೆಂಚಿನ ಮೇಲೂ ಒತ್ತಿ ಹಿಡ್ಕೊಂಡು ನಿಂತ್ಕೊಂಡ್ರು, ಸುಮಾರು ಹೊತ್ತು. ಕೈ ಸುಳ್ಳು ಹೇಳ್ತೈತಲ್ಲಪ್ಪ ಅಂದ್ರು. ಪಕ್ಕದಲ್ಲಿದ್ದ ಬಿಇ ಹುಡುಗ, ಇಲ್ಲಮ್ಮ ಕೈ ಸುಳ್ಳು ಹೇಳ್ತಿಲ್ಲ, ಅದು ಹೇಳ್ತಿರೋದು ಬೇರೆ, ಎಷ್ಟು ಬೇಗ ನಿಮ್ಮ ಬಿಸಿ ಹೋಗ್ತಿದೆ ಅಂತ ಹೇಳ್ತಿದೆ ಅಂದ. ಆಯಮ್ಮ ಅಂಗೈ ತಿರುಗಿಸಿ ನೋಡ್ಕೊಂಡ್ರು. ಅದಕ್ಕೇ ಮರದ ಹಿಡಿ ಇರೋ ಬಾಣಲೆ ಅಂದ್ರು. ಆ ಹುಡುಗ ಆ ಉದಾಹರಣೇನ ಹಾಗೇ ಗ್ರೂಪಿಗೆ ಟೈಪ್ ಮಾಡ್ದ, ಆಯಮ್ಮನ ಹೆಸ್ರು ಹಾಕಿ.

ಮುಳಬಾಗಿಲ ಹುಡುಗ ನಿನ್ನೆ ರಾತ್ರಿ ಅವನೇ ಒಂದು ಪ್ರಶ್ನೆ ಹಾಕಿದಾನೆ, ಇಷ್ಟು ದಿನ ಬರೀ ಓದ್ತಿದ್ದ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟ್ ಎಳೆದ್ರಂತೆ, 147 ಕಿಲೋಮೀಟರ್ ತಂತಿ, ನಮ್ಮ ಮನೇಲಿ ಮೀಟರ್ ಬೋರ್ಡಿಂದ ಹಿತ್ತಲ ಮೋಟರಿಗೆ ಉದ್ದ ವೈರ್ ಹಾಕಿದ್ರೇನೇ ಮೋಟರ್ ಎಳೆಯಲ್ಲ, ಅಷ್ಟು ದೂರದಲ್ಲಿ ಕರೆಂಟ್ ದಾರೀಲೇ ಖಾಲಿ ಆಗ್ಲಿಲ್ವ ಅಂತ. ಮೇಷ್ಟ್ರು ಹೇಳಿದ ಹಾಗೆ, ಇಲ್ಲಿ ಕರೆಂಟ್ ಅಂದ್ರೆ ಯಾವುದು ಅಂತ ಮೊದಲು ಕೇಳಿದೀನಿ. ಬೆಳಗ್ಗೆಯಿಂದ 23 ಮೆಸೇಜ್ ಬಂದಿದಾವೆ, ಉತ್ತರ ಭಾನುವಾರ.